ಒಸರುವ ಮಡಕೆ: ಲಿವರ್ ರಿಪೋರ್ಟ್ ಓದುವ ಬಗೆ

ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆ ಜಾಗದಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆಗೆ 2016ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. 2023ರ ಫೆಬ್ರವರಿ 6ರಂದು ಉದ್ಘಾಟನೆಯೂ ಆಯಿತು. ಕಾರ್ಖಾನೆ ಎಲ್ಲೇ ಬರಲಿ, ಇಲ್ಲಾಗಲಿ, ವಸಂತನರಸಾಪುರದಲ್ಲಾಗಲಿ, ಕುಣಿಗಲ್‌ನ ಅಂಚೇಪಾಳ್ಯದಲ್ಲಾಗಲಿ, ಅದರ ಹಿಂದೆಯೇ ಊರಿಗೆ ಒಂದು ಹೊಸ ಮಾತು ಬರುತ್ತದೆ: 'ಮೆಡಿಕಲ್'. ಕೆಲಸಕ್ಕೆ ಸೇರುವ ಮುಂಚೆ ಒಂದು ಸಲ, ಸೇರಿದ ಮೇಲೆ ಆಗಾಗ, ವಿಮೆ ಮಾಡಿಸುವಾಗ ಮತ್ತೊಂದು ಸಲ ರಕ್ತ ಕೊಡಬೇಕು. ಮೈಯಲ್ಲಿ ಏನೂ ತೊಂದರೆ ಇಲ್ಲದೆ ಲ್ಯಾಬ್ ಮೆಟ್ಟಿಲು ಹತ್ತದವರ ಕೈಗೂ ಈಗ ಲಿವರ್ ಫಂಕ್ಷನ್ ಟೆಸ್ಟ್‌ನ ಹಾಳೆ ಬಂದು ಕೂರುತ್ತಿದೆ.

ಅಂಥದೊಂದು ಹಾಳೆಯನ್ನು ಎದುರಿಗಿಟ್ಟುಕೊಳ್ಳೋಣ. ಇದು ನಾನು ಕಲ್ಪಿಸಿಕೊಂಡ ಹುಡುಗನದು, ಆದರೆ ಇಂಥವರು ಊರಿಗೆ ಹತ್ತು ಜನ ಸಿಗುತ್ತಾರೆ. ವಯಸ್ಸು 26. ಎಸ್‌ಜಿಪಿಟಿ 78, ಎಸ್‌ಜಿಒಟಿ 61, ಎರಡೂ ದಪ್ಪಕ್ಷರದಲ್ಲಿ. ಪಕ್ಕದಲ್ಲಿ '40ರ ಒಳಗೆ' ಎಂದಿದೆ. ಬಿಲಿರುಬಿನ್ 0.9, ಅಂದರೆ ಸರಿಯಾಗಿದೆ. ಸಂಜೆಯೊಳಗೆ ಮನೆಯಲ್ಲಿ ತೀರ್ಪು ಸಿದ್ಧ. ಅತ್ತೆ ಒಬ್ಬರು ಕಾಮಾಲೆ ಅನ್ನುತ್ತಾರೆ, ಭಾವ ಒಬ್ಬರು 'ಕುಡೀತಿದೀಯೇನೋ' ಎಂದು ಮುಖ ನೋಡುತ್ತಾರೆ, ಮೂರನೆಯವರು ಬೆಳಗ್ಗೆ ಬರಿಹೊಟ್ಟೆಯಲ್ಲಿ ಔಷಧ ಕೊಡುವವರ ವಿಳಾಸ ಹೇಳುತ್ತಾರೆ. ಮೂವರೂ ಹುಡುಗನನ್ನು ಒಂದು ಪ್ರಶ್ನೆಯನ್ನೂ ಕೇಳಿರುವುದಿಲ್ಲ.

ಮೊದಲು ಈ ಅಂಕಿ ಏನು ಅಂತ ನೋಡಬೇಕು.

ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಕಿಣ್ವಗಳು. ಈಚಿನ ರಿಪೋರ್ಟುಗಳಲ್ಲಿ ಇವಕ್ಕೇ ಎಎಲ್‌ಟಿ, ಎಎಸ್‌ಟಿ ಎಂಬ ಹೆಸರಿರುತ್ತದೆ. ಹೆಸರು ಬೇರೆ ಅಂತ ಗಾಬರಿ ಬೇಡ. ಇವು ಕೆಲಸ ಮಾಡುವುದು ಜೀವಕೋಶದ ಒಳಗೆ. ರಕ್ತದಲ್ಲಿ ಇವಕ್ಕೆ ಏನೂ ಕೆಲಸವಿಲ್ಲ. ದಿನವೂ ಒಂದಿಷ್ಟು ಕೋಶಗಳು ಸತ್ತು ಹೊಸವು ಹುಟ್ಟುವುದರಿಂದ ಸ್ವಲ್ಪ ಹೊರಗೆ ಒಸರುವುದು ಸಹಜ. ಕೋಶಗಳಿಗೆ ಪೆಟ್ಟು ಬಿದ್ದಾಗ ಒಸರು ಜಾಸ್ತಿಯಾಗುತ್ತದೆ. ಮಣ್ಣಿನ ಮಡಕೆಯ ಕೆಳಗೆ ನೆಲ ಎಷ್ಟು ಒದ್ದೆಯಾಗಿದೆ ಎಂದು ಮುಟ್ಟಿ ನೋಡಿದ ಹಾಗೆ ಈ ಪರೀಕ್ಷೆ. ಮಡಕೆ ಒಸರುತ್ತಿದೆ ಎಂಬುದಷ್ಟೇ ಗೊತ್ತಾಗುತ್ತದೆ. ಬಿರುಕು ಎಲ್ಲಿ, ಯಾರು ಹೊಡೆದರು, ಒಳಗೆ ನೀರು ಎಷ್ಟು ಉಳಿದಿದೆ ಎಂಬುದು ನೆಲ ಮುಟ್ಟಿದರೆ ತಿಳಿಯದು.

ಒಳಗೆಷ್ಟು ಉಳಿದಿದೆ ಎಂದು ಹೇಳುವವು ಬೇರೆ ಅಂಕಿಗಳು. ಲಿವರ್ ತಯಾರಿಸುವ ಪ್ರೋಟೀನ್ ಆದ ಆಲ್ಬುಮಿನ್, ಅದು ಹೊರಹಾಕಬೇಕಾದ ಬಿಲಿರುಬಿನ್, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತಾಗುತ್ತದೆಂದು ತಿಳಿಸುವ ಪಿಟಿ–ಐಎನ್‌ಆರ್. 'ಲಿವರ್ ಫಂಕ್ಷನ್ ಟೆಸ್ಟ್' ಎಂಬ ಹೆಸರಿಗೆ ನಿಜವಾಗಿ ತಕ್ಕವು ಇವೇ. ಜನ ಎಸ್‌ಜಿಪಿಟಿ ಒಂದನ್ನೇ ನೋಡಿ ಹೆದರುತ್ತಾರೆ, ಅಥವಾ ಅದೊಂದನ್ನೇ ನೋಡಿ ನಿರಾಳವಾಗುತ್ತಾರೆ. ಎರಡನೆಯದು ಹೆಚ್ಚು ಅಪಾಯ. ವರ್ಷಗಟ್ಟಲೆ ಹಾಳಾಗಿ ಗಟ್ಟಿಕಟ್ಟಿದ ಲಿವರ್‌ನಲ್ಲಿ, ಅಂದರೆ ಸಿರೋಸಿಸ್‌ನಲ್ಲಿ, ಎಸ್‌ಜಿಪಿಟಿ 35 ಇರಬಹುದು. ಮಡಕೆ ಬರಿದಾದ ಮೇಲೆ ಒಸರುವುದಕ್ಕೆ ಏನಿರುತ್ತದೆ?

ಲ್ಯಾಬಿನವರು ಹಾಕುವ 40ರ ಗೆರೆಯೂ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಅಮೆರಿಕದ ಗ್ಯಾಸ್ಟ್ರೋಎಂಟರಾಲಜಿ ತಜ್ಞರ ಸಂಘ 2017ರಲ್ಲಿ ಎಸ್‌ಜಿಪಿಟಿಯ ಆರೋಗ್ಯಕರ ಮಿತಿ ಗಂಡಸರಿಗೆ 29ರಿಂದ 33, ಹೆಂಗಸರಿಗೆ 19ರಿಂದ 25 ಎಂದು ಹೇಳಿತು. ಹಾಗಾಗಿ ಹೊಟ್ಟೆ ಬಂದಿರುವ, ಸಕ್ಕರೆ ಕಾಯಿಲೆಯೂ ಇರುವ ಹೆಂಗಸಿಗೆ 38 ಬಂದಿದ್ದರೆ 'ನಾರ್ಮಲ್' ಎಂದು ಮಡಚಿ ಬೀರುವಿಗೆ ಹಾಕಬೇಡಿ.

ಎಷ್ಟು, ಯಾರ ಜೊತೆ, ಯಾವಾಗಿನಿಂದ

ಡಾಕ್ಟರು ಹಾಳೆ ನೋಡಿದಾಗ ಮನಸ್ಸಿನಲ್ಲೇ ಕೇಳಿಕೊಳ್ಳುವುದು ಈ ಮೂರನ್ನು.

ಎಷ್ಟು ಎನ್ನುವುದು ಸುಲಭ. ಮಿತಿಯ ಎರಡು ಮೂರು ಪಟ್ಟು ಇದ್ದರೆ ಓಡುವ ತುರ್ತು ಇಲ್ಲ, ಮರೆಯುವ ಹಾಗೂ ಇಲ್ಲ. ಫ್ಯಾಟಿ ಲಿವರ್, ಮದ್ಯ, ದೀರ್ಘಕಾಲದ ಹೆಪಟೈಟಿಸ್ ಬಿ ಮತ್ತು ಸಿ, ಮಾತ್ರೆಗಳು ಸಾಮಾನ್ಯವಾಗಿ ಇಷ್ಟರಲ್ಲೇ ಇರುತ್ತವೆ. ಸಾವಿರ ದಾಟಿದರೆ ಕಾರಣಗಳ ಪಟ್ಟಿ ಚಿಕ್ಕದಾಗುತ್ತದೆ: ಹೊಸದಾಗಿ ತಗುಲಿದ ವೈರಲ್ ಹೆಪಟೈಟಿಸ್, ಔಷಧ ಅಥವಾ ವಿಷದ ಪೆಟ್ಟು, ಲಿವರ್‌ಗೆ ರಕ್ತವೇ ಸಾಲದೆ ಹೋಗುವುದು, ಹೆಚ್ಚುಕಡಿಮೆ ಇಷ್ಟೆ. ಇಲ್ಲಿ ಒಂದು ವಿಚಿತ್ರವಿದೆ. 1500 ಬಂದ ಹೆಪಟೈಟಿಸ್ ಎ ರೋಗಿ ಎರಡು ತಿಂಗಳಲ್ಲಿ ಏನೂ ಆಗದವನಂತೆ ಓಡಾಡಬಹುದು. ಹತ್ತು ವರ್ಷ 70ರಲ್ಲೇ ಇದ್ದವನು ಸಿರೋಸಿಸ್‌ಗೆ ಇಳಿಯಬಹುದು. ದೊಡ್ಡ ಅಂಕಿಗೆಲ್ಲ ದೊಡ್ಡ ಕಾಯಿಲೆ ಅಂತಿಲ್ಲ.

ಯಾರ ಜೊತೆ ಎಂಬುದರಲ್ಲಿ ಸ್ವಾರಸ್ಯವಿದೆ. ಎಸ್‌ಜಿಪಿಟಿ ಬಹುಪಾಲು ಲಿವರ್‌ನ ಸೊತ್ತು. ಎಸ್‌ಜಿಒಟಿ ಹಾಗಲ್ಲ, ಅದು ಸ್ನಾಯುವಿನಲ್ಲಿ, ಹೃದಯದಲ್ಲಿ, ಕೆಂಪು ರಕ್ತಕಣದಲ್ಲೂ ಇದೆ. ನಮ್ಮ 26ರ ಹುಡುಗ ರಕ್ತ ಕೊಡುವ ಹಿಂದಿನ ದಿನ ಲಾರಿಗೆ ತೆಂಗಿನಕಾಯಿ ಮೂಟೆ ಏರಿಸಿದ್ದರೆ, ಅಥವಾ ಹೊಸದಾಗಿ ಜಿಮ್‌ಗೆ ಸೇರಿ ಮೈ ನೋಯಿಸಿಕೊಂಡಿದ್ದರೆ, ಎರಡೂ ಅಂಕಿ ಏರಬಹುದು, ಲಿವರ್‌ಗೆ ಏನೂ ಆಗದೆಯೇ. ಸ್ನಾಯುವಿನ ಕಿಣ್ವವಾದ ಸಿಪಿಕೆ ಪರೀಕ್ಷೆ ಮಾಡಿಸಿದರೆ ಗುಟ್ಟು ಹೊರಬೀಳುತ್ತದೆ. ಮಳೆಗಾಲದಲ್ಲಿ ಡೆಂಗಿಯೂ ಇದೇ ಆಟ ಆಡುತ್ತದೆ: ಜ್ವರ, ಪ್ಲೇಟ್‌ಲೆಟ್ ಇಳಿತ, ಎಸ್‌ಜಿಪಿಟಿಗಿಂತ ಎಸ್‌ಜಿಒಟಿ ಮೇಲೆ. ಇಲಿಜ್ವರ, ಟೈಫಾಯಿಡ್‌ನಲ್ಲೂ ಕಿಣ್ವ ಏರುತ್ತದೆ. ಜ್ವರ ಬಿಟ್ಟ ಮೇಲೆ ಅವೂ ಇಳಿಯುತ್ತವೆ.

ಎಎಲ್‌ಪಿ, ಜಿಜಿಟಿ ಎಂಬ ಇನ್ನೆರಡು ಸಾಲು ಇರುತ್ತವೆ. ಎಸ್‌ಜಿಪಿಟಿಗಿಂತ ಇವೇ ಹೆಚ್ಚು ಜಿಗಿದಿದ್ದರೆ ಕೋಶಕ್ಕಿಂತ ಪಿತ್ತ ಹರಿಯುವ ದಾರಿಯ ಮೇಲೆ ಅನುಮಾನ. ತುಮಕೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಕೊನೆಯ ವರ್ಷಗಳಲ್ಲಿ 'ಪಿತ್ತನಾಳ', 'ಸ್ಟೆಂಟ್' ಎಂಬ ಮಾತು ಇಲ್ಲಿನ ಟೀ ಅಂಗಡಿಗಳಲ್ಲೂ ಕೇಳುತ್ತಿತ್ತು. ಪಿತ್ತನಾಳ ಕಟ್ಟಿಕೊಂಡಾಗಲೆಲ್ಲ ಸ್ಟೆಂಟ್ ಹಾಕಿ ದಾರಿ ಬಿಡಿಸುತ್ತಿದ್ದರು. 2018ರ ಡಿಸೆಂಬರ್‌ನಲ್ಲಿ ಚೆನ್ನೈಗೆ ಕರೆದೊಯ್ದು ಶಸ್ತ್ರಚಿಕಿತ್ಸೆಯನ್ನೂ ಮಾಡಿದರು. 2019ರ ಜನವರಿ 21ರಂದು, 111ರ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ನಾಳ ಕಟ್ಟಿಕೊಂಡರೆ ಕಣ್ಣು ಹಳದಿಯಾಗುವುದರ ಜೊತೆಗೆ ಮೈಯೆಲ್ಲ ತುರಿಕೆ, ಮಲ ಸುಣ್ಣದ ಬಣ್ಣ, ಮೂತ್ರ ಕಡುಹಳದಿ. ಇಂಥ ಕಾಮಾಲೆಗೆ ಮೊದಲು ಬೇಕಾದ್ದು ಹೊಟ್ಟೆಯ ಸ್ಕ್ಯಾನಿಂಗ್. ಕಟ್ಟಿದ ನಾಳವನ್ನು ಕಷಾಯ ಬಿಡಿಸಲಾರದು.

ಇನ್ನು ಬಿಲಿರುಬಿನ್ ಒಂದೇ ಚೂರು ಜಾಸ್ತಿ, 1.8, 2.2 ಈ ಥರ, ಉಳಿದದ್ದೆಲ್ಲ ಸರಿ ಎಂದಿದ್ದರೆ ಅದು ಬಹುಮಟ್ಟಿಗೆ ಗಿಲ್ಬರ್ಟ್ ಸಿಂಡ್ರೋಮ್. ಹುಟ್ಟಿನಿಂದ ಬಂದದ್ದು, ಉಪವಾಸವಿದ್ದಾಗ, ಜ್ವರ ಬಂದಾಗ ಏರುತ್ತದೆ, ಯಾವ ಹಾನಿಯೂ ಇಲ್ಲ. ಒಮ್ಮೆ ಡಾಕ್ಟರ ಬಾಯಲ್ಲಿ ಖಚಿತ ಮಾಡಿಕೊಂಡು ಮರೆತುಬಿಡಿ.

ಯಾವಾಗಿನಿಂದ ಎಂಬುದಕ್ಕೆ ಹಳೇ ರಿಪೋರ್ಟು ಬೇಕು. ನಮ್ಮಲ್ಲಿ ಪಹಣಿಯನ್ನು ಟ್ರಂಕಿನಲ್ಲಿ ಜೋಪಾನ ಮಾಡುವವರು ರಕ್ತದ ರಿಪೋರ್ಟನ್ನು ಬಸ್ಸಿನಲ್ಲೇ ಬಿಟ್ಟು ಬರುತ್ತಾರೆ. ಆರು ತಿಂಗಳು ಮೀರಿ ಅಂಕಿ ಮೇಲೇ ನಿಂತಿದ್ದರೆ ಅದನ್ನು ದೀರ್ಘಕಾಲದ್ದು ಎಂದು ಲೆಕ್ಕ ಹಾಕುತ್ತಾರೆ, ಹುಡುಕುವ ಕಾರಣಗಳೂ ಆಗ ಬದಲಾಗುತ್ತವೆ. ಮೊದಲ ರಿಪೋರ್ಟು ಕೈಗೆ ಬಂದ ದಿನವೇ ಫೋಟೋ ತೆಗೆದಿಟ್ಟುಕೊಳ್ಳಿ.

ಏನೇನು ನುಂಗಿದಿರಿ?

ಡಾಕ್ಟರ ಮುಂದೆ ಜನ ಮುಚ್ಚಿಡುವುದು ಕುಡಿತವೊಂದನ್ನೇ ಅಲ್ಲ. ನಾಟಿ ಔಷಧ, ಜಿಮ್‌ನ ಪುಡಿ, ಸ್ಟೀರಾಯ್ಡ್ ಇಂಜೆಕ್ಷನ್, ತೂಕ ಇಳಿಸುವ ಕಷಾಯ ಇವನ್ನೂ ಹೇಳುವುದಿಲ್ಲ. ಕೆಲವರಿಗೆ ಅವು ಔಷಧದ ಲೆಕ್ಕಕ್ಕೇ ಬರುವುದಿಲ್ಲ, 'ಅದು ಬರೀ ಸೊಪ್ಪು, ಸಾರ್'.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಮನೆಮನೆಯಲ್ಲೂ ಕುದಿಯಿತು. 2021ರಲ್ಲಿ ಮುಂಬಯಿಯ ಲಿವರ್ ತಜ್ಞರು ಅದನ್ನು ಕುಡಿದು ಲಿವರ್ ಊದಿಸಿಕೊಂಡ ಆರು ರೋಗಿಗಳ ವಿವರ ಪ್ರಕಟಿಸಿದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳ ಇಂಥ 43 ಪ್ರಕರಣಗಳ ವರದಿ ಬಂತು. ಹಲವರಲ್ಲಿ ಅದು ದೇಹವೇ ತನ್ನ ಲಿವರ್ ಮೇಲೆ ತಿರುಗಿಬೀಳುವ ಆಟೊಇಮ್ಯೂನ್ ಹೆಪಟೈಟಿಸ್‌ನ ರೂಪದಲ್ಲಿತ್ತು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ವಾದ ಏನೇ ಇರಲಿ, ಕಿಣ್ವ ಏರಿದವರು ಅಮೃತಬಳ್ಳಿಯೂ ಸೇರಿ ಎಲ್ಲ ಕಷಾಯ, ಪುಡಿ, ಲೇಹ್ಯ ನಿಲ್ಲಿಸಿ ಆರೆಂಟು ವಾರದ ನಂತರ ಮತ್ತೆ ಪರೀಕ್ಷಿಸಿಕೊಳ್ಳುವುದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ಅಂಕಿ ಇಳಿದರೆ ಉತ್ತರ ಸಿಕ್ಕಿತು.

ಡಾಕ್ಟರು ಬರೆದ ಮಾತ್ರೆಗಳ ವಿಷಯ ಬೇರೆ. ಕ್ಷಯಕ್ಕೆ ಕೊಡುವ ಐಸೋನಿಯಜಿಡ್, ರಿಫಾಂಪಿಸಿನ್, ಪೈರಜಿನಮೈಡ್ ಮೂರೂ ಲಿವರ್‌ಗೆ ಪೆಟ್ಟು ಕೊಡಬಲ್ಲವು. ಟಿಬಿ ಮಾತ್ರೆ ತಿನ್ನುವವರಿಗೆ ವಾಂತಿ, ಊಟ ಸೇರದಿರುವುದು, ಕಣ್ಣು ಹಳದಿಯಾಗುವುದು ಕಂಡರೆ ಅದೇ ದಿನ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ತಾವೇ ನಿಲ್ಲಿಸಿ ಮನೆಯಲ್ಲಿ ಕೂರುವುದೂ ತಪ್ಪು, ಹಲ್ಲು ಕಚ್ಚಿ ಮುಂದುವರಿಸುವುದೂ ತಪ್ಪು. ಪ್ಯಾರಾಸಿಟಮಾಲ್ ಸರಿಯಾದ ಪ್ರಮಾಣದಲ್ಲಿ ಒಳ್ಳೆಯ ಮಾತ್ರೆ; ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲ್ಮಿತಿ, ಕುಡಿಯುವವರಿಗೆ, ತೀರಾ ಸೊರಗಿದವರಿಗೆ ಇನ್ನೂ ಕಡಿಮೆ. 650ರ ಮಾತ್ರೆ ಆರು ನುಂಗಿದರೆ ಆ ಗೆರೆಯ ಹತ್ತಿರಕ್ಕೆ ಬಂದಿರುತ್ತೀರಿ. ನೆಗಡಿಯ ಮಾತ್ರೆಯೊಳಗೂ ಅದೇ ಔಷಧ ಅಡಗಿರುತ್ತದೆ ಎನ್ನುವುದನ್ನು ಮರೆಯುತ್ತೇವೆ.

ಮದ್ಯದ ಲೆಕ್ಕ ಹೇಳಿಬಿಡುತ್ತೇನೆ, ಉಪದೇಶ ಬೇಡ. ಒಂದು ಕ್ವಾರ್ಟರ್ ಎಂದರೆ 180 ಮಿ.ಲೀ. ನಮ್ಮ ವಿಸ್ಕಿ, ರಮ್‌ಗಳಲ್ಲಿ ಆಲ್ಕೋಹಾಲ್ ಶೇ 42.8. ಲೆಕ್ಕ ಹಾಕಿದರೆ ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. ದಿನವೂ ಇಷ್ಟು ಕುಡಿದರೆ ಲಿವರ್ ಕೆಡುವ ಸಾಧ್ಯತೆ ಬಹಳ ಹೆಚ್ಚು. ಕರ್ನಾಟಕದಲ್ಲಿ 2007ರ ಜುಲೈ 1ರಂದು ಸಾರಾಯಿ ನಿಂತಿತು. ಪ್ಯಾಕೆಟ್ ಹೋಯಿತು, ಲೆಕ್ಕ ಮಾತ್ರ ಹಾಗೇ ಉಳಿಯಿತು. ಕುಡಿತದ ಗುರುತು ರಿಪೋರ್ಟಿನಲ್ಲಿ ಹೀಗಿರುತ್ತದೆ: ಎಸ್‌ಜಿಒಟಿ ಎಸ್‌ಜಿಪಿಟಿಯ ಎರಡು ಪಟ್ಟಿಗೂ ಮೇಲೆ, ಆದರೆ 300 ದಾಟುವುದು ಅಪರೂಪ, ಜೊತೆಗೆ ಜಿಜಿಟಿ ಏರಿಕೆ. ಕುಡಿಯುವವನ ಎಸ್‌ಜಿಪಿಟಿ ಸಾವಿರ ಬಂದಿದ್ದರೆ ಕುಡಿತದ ಮೇಲೆ ಗೂಬೆ ಕೂರಿಸಿ ಸುಮ್ಮನಾಗಬಾರದು, ಬೇರೇನೋ ಸೇರಿಕೊಂಡಿದೆ.

ಕುಡಿಯದವರ ಕೊಬ್ಬು

'ನಾನು ಜೀವಮಾನದಲ್ಲಿ ಮುಟ್ಟಿಲ್ಲ, ನನಗ್ಯಾಕೆ ಲಿವರ್ ತೊಂದರೆ' ಎನ್ನುವವರೇ ಈಗ ಹೆಚ್ಚು. ತೋಟದ ಕೆಲಸಕ್ಕೆ ಯಂತ್ರ ಬಂತು, ಸೈಕಲ್ ಹೋಗಿ ಬೈಕ್ ಬಂತು, ಊಟದ ಅಳತೆ ಮಾತ್ರ ಗುದ್ದಲಿ ಹಿಡಿದ ಕಾಲದ್ದೇ. ಮಿಕ್ಕಿದ್ದು ಸೊಂಟದಲ್ಲಿ, ಲಿವರ್‌ನಲ್ಲಿ ಕೊಬ್ಬಾಗಿ ಕೂರುತ್ತದೆ. ಸೊಂಟದ ಅಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದರೆ ನಮ್ಮ ಜನಕ್ಕೆ ಅದು ಎಚ್ಚರಿಕೆ. ಭಾರತ ಸರ್ಕಾರ 2021ರಲ್ಲಿ ಫ್ಯಾಟಿ ಲಿವರ್ ಅನ್ನು ಸಕ್ಕರೆ ಕಾಯಿಲೆ, ಹೃದ್ರೋಗ, ಕ್ಯಾನ್ಸರ್‌ಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೇ ಸೇರಿಸಿತು.

ಸ್ಕ್ಯಾನಿಂಗ್‌ನಲ್ಲಿ 'ಗ್ರೇಡ್ 1 ಫ್ಯಾಟಿ ಲಿವರ್' ಎಂದು ಬರೆದಿದ್ದನ್ನು ಓದಿ ನಿದ್ದೆಗೆಡುವವರಿದ್ದಾರೆ. ನಿಜವಾಗಿ ತಿಳಿಯಬೇಕಾದ್ದು ಕೊಬ್ಬು ಎಷ್ಟಿದೆ ಎಂದಲ್ಲ, ಲಿವರ್‌ನಲ್ಲಿ ಕಲೆ ಕಟ್ಟಲು ಶುರುವಾಗಿದೆಯೇ ಎಂದು. ಅದಕ್ಕೆ ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕಾಗುವ ಒಂದು ಲೆಕ್ಕವಿದೆ, ಫಿಬ್-4 ಅಂತ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಸಂಖ್ಯೆಯನ್ನು ಸಾವಿರದ ಲೆಕ್ಕದಲ್ಲಿ ತೆಗೆದುಕೊಂಡು (1.8 ಲಕ್ಷವಿದ್ದರೆ 180) ಅದನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉದಾಹರಣೆಗೆ 46 ವರ್ಷದ ಕೊಬ್ಬರಿ ವ್ಯಾಪಾರಿಯೊಬ್ಬರಿಗೆ ಎಸ್‌ಜಿಒಟಿ 64, ಎಸ್‌ಜಿಪಿಟಿ 81, ಪ್ಲೇಟ್‌ಲೆಟ್ 1.8 ಲಕ್ಷ ಇದೆ ಎನ್ನಿ. 46×64 ಅಂದರೆ 2944. 81ರ ವರ್ಗಮೂಲ 9, 180×9 ಅಂದರೆ 1620. ಭಾಗಿಸಿದರೆ 1.8. ಉತ್ತರ 1.3ಕ್ಕಿಂತ ಕಡಿಮೆ ಇದ್ದರೆ ಹೆಚ್ಚಿನ ಕಲೆ ಇರುವ ಸಾಧ್ಯತೆ ಕಡಿಮೆ, 2.67 ಮೀರಿದರೆ ತಜ್ಞರನ್ನು ಕಾಣಲೇಬೇಕು. ನಡುವೆ ಬಂದರೆ, ಈ ವ್ಯಾಪಾರಿಯಂತೆ, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿ ನೋಡಬೇಕು. 35ಕ್ಕಿಂತ ಚಿಕ್ಕವರಿಗೆ ಈ ಲೆಕ್ಕ ನಂಬಿಕಸ್ಥವಲ್ಲ, 65 ದಾಟಿದವರಿಗೆ ಕೆಳಗಿನ ಗೆರೆ 2. ಜ್ವರ ಬಂದಿರುವಾಗಿನ ರಿಪೋರ್ಟ್ ಹಿಡಿದು ಲೆಕ್ಕ ಹಾಕಬೇಡಿ.

ಇದಕ್ಕೆ ಮದ್ದು ಬೇಸರ ತರಿಸುವಂಥದ್ದು: ತೂಕ ಇಳಿಸುವುದು. ಮೈತೂಕದ ಶೇ 7ರಿಂದ 10ರಷ್ಟು ಇಳಿಸಿದರೆ ಲಿವರ್‌ನ ಊತವೂ ತಗ್ಗುತ್ತದೆ; 80 ಕೆ.ಜಿ. ಇರುವವರು ಆರೇಳು ಕೆ.ಜಿ. ಕಳೆದುಕೊಂಡರೆ ಬಂತು. ಜನ ಎಣ್ಣೆ ಬಿಡುತ್ತಾರೆ, ಆದರೆ ಎರಡನೇ ಮುದ್ದೆ, ಅದರ ಮೇಲೆ ಅನ್ನ, ಆಮೇಲೆ ಬೇಕರಿ ತಿಂಡಿ ಬಿಡುವುದಿಲ್ಲ. ರಾಗಿ ಒಳ್ಳೆಯದೇ, ಆದರೆ ಮುದ್ದೆಯ ಗಾತ್ರಕ್ಕೂ ಒಂದು ಮಿತಿ ಇದೆ. ಒಂದು ಸಿಹಿ ಸುದ್ದಿ: ಕಾಫಿ ಬಿಡಬೇಕಾಗಿಲ್ಲ. ಕಾಫಿ ಕುಡಿಯುವವರ ಲಿವರ್‌ನಲ್ಲಿ ಕಲೆ ಕಟ್ಟುವುದು ಕಡಿಮೆ ಎಂದು ಹಲವು ಅಧ್ಯಯನಗಳು ತೋರಿಸಿವೆ. ಸಕ್ಕರೆಯನ್ನು ಬಿಟ್ಟು ಕುಡಿಯಿರಿ ಎಂದರೆ ಗುಬ್ಬಿಯಲ್ಲಿ ನನ್ನನ್ನು ಯಾರೂ ಮನೆಗೆ ಕರೆಯಲಿಕ್ಕಿಲ್ಲ.

ನೀರಿನಿಂದ ಬರುವ ಕಾಮಾಲೆ

ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಎಂಬ ಗಾದೆ ವೈದ್ಯಕೀಯವಾಗಿ ಸುಳ್ಳು. ಕಾಮಾಲೆಯಾದವರಿಗೆ ಬಣ್ಣಗಳು ಇದ್ದ ಹಾಗೇ ಕಾಣುತ್ತವೆ. ಲೋಕದವರಿಗೆ ಅವರ ಕಣ್ಣು ಹಳದಿ ಕಾಣುತ್ತದೆ. ಕಾಮಾಲೆ ಎನ್ನುವುದು ಲಕ್ಷಣದ ಹೆಸರು, ರೋಗದ ಹೆಸರಲ್ಲ. ಹೆಪಟೈಟಿಸ್ ಎಂದರೆ ಲಿವರ್‌ನ ಉರಿಯೂತ. ಅದಕ್ಕೆ ಕಾರಣ ವೈರಸ್ಸೇ ಆಗಬೇಕೆಂದೂ ಇಲ್ಲ.

ವೈರಸ್‌ಗಳಲ್ಲಿ ಎ ಮತ್ತು ಇ ಹೊಲಸು ಸೇರಿದ ನೀರಿನಿಂದ, ಊಟದಿಂದ ಬರುತ್ತವೆ. ದೆಹಲಿಯಲ್ಲಿ 1955–56ರಲ್ಲಿ ಯಮುನೆಯ ಕುಡಿಯುವ ನೀರಿಗೆ ಚರಂಡಿ ಸೇರಿ ಸುಮಾರು 29,000 ಜನರಿಗೆ ಕಾಮಾಲೆ ಬಂತು, ಗರ್ಭಿಣಿಯರು ಹೆಚ್ಚಾಗಿ ನರಳಿದರು. ಅದು ಇ ವೈರಸ್ ಎಂದು ಗೊತ್ತಾಗಿದ್ದು ದಶಕಗಳ ನಂತರ. ಆ ವೈರಸ್ಸನ್ನು ಕಂಡ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಬಲಯಾನ್ ಅಫ್ಘಾನಿಸ್ತಾನದ ರೋಗಿಗಳ ಮಲದ ಸಾರವನ್ನು ಮೊಸರಿನಲ್ಲಿ ಕಲಸಿ ತಾನೇ ಕುಡಿದು, ಕಾಮಾಲೆ ಬರಿಸಿಕೊಂಡು, 1983ರಲ್ಲಿ ಅದನ್ನು ಪ್ರಕಟಿಸಿದ.

ನಮ್ಮ ಜಿಲ್ಲೆಯಲ್ಲಿ ನೀರಿನ ಭಯ ಪುಸ್ತಕದ್ದಲ್ಲ. 2024ರ ಜೂನ್‌ನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಜಾತ್ರೆಯ ಬೆನ್ನಿಗೇ ವಾಂತಿಭೇದಿ ಹಬ್ಬಿ ಜೀವಗಳು ಹೋದವು. ಅದು ಹೆಪಟೈಟಿಸ್ ಅಲ್ಲ. ಆದರೆ ವಾಂತಿಭೇದಿ ಬರುವ ದಾರಿಯಲ್ಲೇ ಎ ಮತ್ತು ಇ ಕೂಡ ಬರುತ್ತವೆ, ಅವು ಬರುವುದು ಮಾತ್ರ ತಡವಾಗಿ. ಎ ವೈರಸ್ ಒಳಹೊಕ್ಕು 15ರಿಂದ 50 ದಿನಕ್ಕೆ ಕಾಮಾಲೆ ಕಾಣುತ್ತದೆ. ರಾಮನವಮಿಯ ಪಾನಕದಲ್ಲಿ ಸೇರಿದ್ದು ಬಸವ ಜಯಂತಿ ಕಳೆದ ಮೇಲೆ ಕಣ್ಣಿಗೆ ಬರಬಹುದು. ಅಷ್ಟೊತ್ತಿಗೆ ಪಾನಕ ಯಾರಿಗೆ ನೆನಪಿರುತ್ತದೆ?

ಇನ್ನೊಂದು ಮಾತನ್ನು ನಂಬುವುದು ಕಷ್ಟ. ಹಿಂದೆ ನಮ್ಮ ಮಕ್ಕಳಿಗೆಲ್ಲ ಐದಾರು ವರ್ಷದೊಳಗೇ ಎ ವೈರಸ್ ತಗುಲಿ, ಕಾಯಿಲೆ ಎಂದೂ ಗೊತ್ತಾಗದೆ ವಾಸಿಯಾಗುತ್ತಿತ್ತು. ಜೀವಮಾನಕ್ಕೆ ರಕ್ಷಣೆ ಸಿಗುತ್ತಿತ್ತು. ಶುದ್ಧ ನೀರಿನ ಘಟಕದ ಕ್ಯಾನ್ ನೀರು ಕುಡಿದು ಬೆಳೆದವರಿಗೆ ಆ ರಕ್ಷಣೆ ಇಲ್ಲ. ಅವರು ಇಪ್ಪತ್ತು ದಾಟಿ ಹಾಸ್ಟೆಲ್‌ಗೆ, ಕ್ಯಾಂಟೀನ್‌ಗೆ, ಪಿಜಿಗೆ ಹೋದಾಗ ಮೊದಲ ಸಲ ತಗುಲುತ್ತದೆ, ದೊಡ್ಡವರಲ್ಲಿ ಅದು ಜೋರಾಗಿಯೇ ಬರುತ್ತದೆ. ಕೇರಳದಲ್ಲಿ 2024ರಲ್ಲಿ ಹೀಗೆ ಊರೂರಲ್ಲಿ ಎ ಹಬ್ಬಿತು. ಎಗೆ ಲಸಿಕೆ ಇದೆ. ಮನೆ ಬಿಟ್ಟು ಹೊರಡುವ ಮಕ್ಕಳಿಗೆ ಹಾಕಿಸಬಹುದೇ ಎಂದು ಡಾಕ್ಟರನ್ನು ಕೇಳಿ.

ಎ ಮತ್ತು ಇ ಬಂದವರಲ್ಲಿ ಬಹುತೇಕರು ಯಾವ ಔಷಧವೂ ಇಲ್ಲದೆ ಕೆಲವು ವಾರಗಳಲ್ಲಿ ಗುಣವಾಗುತ್ತಾರೆ. ಮನೆಮದ್ದಿನ ಕೀರ್ತಿಯ ಗುಟ್ಟು ಇಲ್ಲಿದೆ. ತಾನಾಗಿ ಇಳಿಯುವ ಕಾಯಿಲೆಯಲ್ಲಿ ಕೊನೆಯ ವಾರ ಔಷಧ ಕೊಟ್ಟವರಿಗೆ ಹೆಸರು. ಕಾಮಾಲೆಗೆ ಕೊಡುವ ಕಿರುನೆಲ್ಲಿಯ ಕಥೆ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ, ಅದನ್ನು ತಮಾಷೆ ಮಾಡುವಂತಿಲ್ಲ. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು 1976ರ ನೊಬೆಲ್ ಪಡೆದ ಬರೂಕ್ ಬ್ಲೂಂಬರ್ಗ್ ಸ್ವತಃ ಮದರಾಸಿನ ಸಂಶೋಧಕರ ಜೊತೆ ಸೇರಿ ಕಿರುನೆಲ್ಲಿಯ ಜಾತಿಯ ಗಿಡವನ್ನು ಬಿ ರೋಗಿಗಳ ಮೇಲೆ ಪರೀಕ್ಷಿಸಿದರು. 1988ರ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ವರದಿಯಂತೆ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್‌ನ ಗುರುತು ಮಾಯವಾಯಿತು. ಹುಸಿಮಾತ್ರೆ ತಿಂದ 23 ಜನರಲ್ಲಿ ಒಬ್ಬರಿಗೆ ಮಾತ್ರ. ಜಗತ್ತೇ ತಿರುಗಿ ನೋಡಿತು. ಆದರೆ ಆಮೇಲೆ ಬೇರೆ ಕಡೆ ನಡೆದ ಪರೀಕ್ಷೆಗಳಲ್ಲಿ ಆ ಫಲ ಮತ್ತೆ ಸಿಗಲಿಲ್ಲ. ನೊಬೆಲ್ ಪಡೆದವರ ಕೈಯಲ್ಲೂ ನಿಲ್ಲದ ಫಲವನ್ನು ಊರಿನವರ ಕೈಯಲ್ಲಿ ನಿಲ್ಲುತ್ತದೆಂದು ನಾನು ನಂಬಲಾರೆ.

ಚುಟಿಗೆ ಹಾಕಿಸುವುದು, ಕಣ್ಣಿಗೆ ರಸ ಬಿಡಿಸುವುದು ಬೇಡ. ಉಪ್ಪು, ಖಾರ, ಎಣ್ಣೆ ಬಿಡಿಸಿ ಬರೀ ಗಂಜಿಯಲ್ಲಿ ಸೊರಗಿಸುವ ಪಥ್ಯವೂ ಬೇಡ. ಸೇರುವುದನ್ನು, ಹಿತವಾದುದನ್ನು ಉಣ್ಣಲಿ, ಮದ್ಯ ಮಾತ್ರ ಪೂರ್ತಿ ಬಿಡಲಿ. ರಸ್ತೆ ಬದಿಯ ಕಬ್ಬಿನ ಹಾಲು ಕಾಮಾಲೆಗೆ ಒಳ್ಳೆಯದೆಂದು ಕುಡಿಸುತ್ತಾರೆ. ಅದಕ್ಕೆ ಹಾಕುವ ಐಸ್ ಯಾವ ನೀರಿನದು ಎಂದು ನೋಡಿದವರು ಕಡಿಮೆ. ಕಾಮಾಲೆ ಬಂದದ್ದೇ ಅಲ್ಲಿಂದ ಇರಬಹುದು.

ಕಾಯುವುದು ತಪ್ಪಾಗುವ ಸಂದರ್ಭಗಳಿವೆ. ಗರ್ಭಿಣಿಗೆ ಕಾಮಾಲೆ ಕಂಡರೆ ಅದೇ ದಿನ ದೊಡ್ಡಾಸ್ಪತ್ರೆ: ಕೊನೆಯ ತಿಂಗಳುಗಳಲ್ಲಿ ಇ ವೈರಸ್ ತಗುಲಿದವರಲ್ಲಿ ಐದಕ್ಕೆ ಒಬ್ಬರವರೆಗೆ ಸಾವು ಕಂಡಿದೆ. ಯಾರಿಗೇ ಆಗಲಿ ಹಗಲು ನಿದ್ದೆ, ರಾತ್ರಿ ಎಚ್ಚರ, ಮಾತು ತೊದಲುವುದು, ಮಂಕು ಕವಿಯುವುದು, ಒಸಡಿನಲ್ಲಿ ರಕ್ತ, ನಿಲ್ಲದ ವಾಂತಿ, ಐಎನ್‌ಆರ್ 1.5 ದಾಟುವುದು ಇವು ಲಿವರ್ ಸೋಲುತ್ತಿರುವ ಗುರುತು. ಆಗ ಎಸ್‌ಜಿಪಿಟಿ ಇಳಿಯುತ್ತಿದೆ ಎಂದು ಸಮಾಧಾನ ಪಡಬೇಡಿ; ಒಸರಲು ಏನೂ ಉಳಿಯದೆಯೂ ಅದು ಇಳಿಯಬಹುದು.

ರಕ್ತದಿಂದ ಬರುವವು

ಬಿ ಮತ್ತು ಸಿ ರಕ್ತದಿಂದ, ಸೂಜಿಯಿಂದ ಹರಡುತ್ತವೆ. ಬಿ ತಾಯಿಯಿಂದ ಮಗುವಿಗೆ ಹೆರಿಗೆಯಲ್ಲಿ, ಗಂಡ ಹೆಂಡಿರ ನಡುವೆಯೂ ದಾಟುತ್ತದೆ. ಒಂದೇ ಸಿರಿಂಜ್ ಮತ್ತೆ ಮತ್ತೆ ಬಳಸಿದ್ದಕ್ಕೆ ಗುಜರಾತಿನ ಮೋಡಾಸಾದಲ್ಲಿ 2009ರಲ್ಲಿ ಬಿ ಹಬ್ಬಿ ಹಲವರು ಸತ್ತರು. ಬಿ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನವಾದರೂ ಜೀವ ಹಿಡಿದಿರುತ್ತದೆ. ಕ್ಷೌರದ ಬ್ಲೇಡು, ಜಾತ್ರೆಯ ಹಚ್ಚೆ ಸೂಜಿ, 'ಒಂದು ಸೂಜಿ ಹಾಕಿ ಬಿಡಿ' ಎಂದು ಕೇಳಿ ಹಾಕಿಸಿಕೊಳ್ಳುವ ಇಂಜೆಕ್ಷನ್, ಎಲ್ಲದರಲ್ಲೂ ಹೊಸ ಪೊಟ್ಟಣ ಕಣ್ಣೆದುರೇ ಒಡೆಯಲಿ. ಜೊತೆಗೆ ಉಣ್ಣುವುದರಿಂದ, ಕೈ ಕುಲುಕುವುದರಿಂದ, ಒಂದೇ ಯಂತ್ರದ ಪಕ್ಕ ನಿಂತು ಕೆಲಸ ಮಾಡುವುದರಿಂದ ಎರಡೂ ಬರುವುದಿಲ್ಲ. ಬಿ ಇದೆ ಎಂದ ಮಾತ್ರಕ್ಕೆ ತಟ್ಟೆ ಬೇರೆ ಮಾಡುವುದಕ್ಕೆ, ಕೆಲಸ ತಪ್ಪಿಸುವುದಕ್ಕೆ ಕಾರಣವೇ ಇಲ್ಲ.

ಎಚ್‌ಬಿಎಸ್‌ಎಜಿ ಪಾಸಿಟಿವ್ ಬಂದರೆ ಬಿ ವೈರಸ್ ಮೈಯಲ್ಲಿದೆ. ದೊಡ್ಡವರಾದ ಮೇಲೆ ತಗುಲಿದರೆ ನೂರಕ್ಕೆ ತೊಂಬತ್ತೈದರಷ್ಟು ಜನ ತಾವೇ ಗೆಲ್ಲುತ್ತಾರೆ. ಹುಟ್ಟುವಾಗ ತಗುಲಿದ ಹಸುಗೂಸುಗಳಲ್ಲಿ ತೊಂಬತ್ತರಷ್ಟು ಮಕ್ಕಳಲ್ಲಿ ಜೀವಮಾನಕ್ಕೆ ಉಳಿಯುತ್ತದೆ. ಆರು ತಿಂಗಳ ನಂತರವೂ ಪಾಸಿಟಿವ್ ಇದ್ದರೆ ದೀರ್ಘಕಾಲದ್ದು. ಆಗ ವೈರಸ್ ಎಷ್ಟಿದೆ ಎಂದು ತಿಳಿಸುವ ಡಿಎನ್‌ಎ ಪರೀಕ್ಷೆ, ಸ್ಕ್ಯಾನಿಂಗ್ ನೋಡಿ ಮಾತ್ರೆ ಬೇಕೇ ಬೇಡವೇ ಎಂದು ತಜ್ಞರು ಹೇಳುತ್ತಾರೆ. ಮಾತ್ರೆ ಬೇಡ ಎಂದರೂ ಆಗಾಗ ತೋರಿಸುತ್ತಿರಬೇಕು; ಬಿ ಇರುವವರಲ್ಲಿ ಸಿರೋಸಿಸ್ ಇಲ್ಲದೆಯೂ ಲಿವರ್ ಕ್ಯಾನ್ಸರ್ ಬರಬಹುದು. ಶುರು ಮಾಡಿದ ಮಾತ್ರೆಯನ್ನು ತಾವಾಗಿ ನಿಲ್ಲಿಸಿದರೆ ಕಾಯಿಲೆ ಉಕ್ಕಿ ಬರುತ್ತದೆ. ಮನೆಯವರೆಲ್ಲ ಪರೀಕ್ಷಿಸಿಕೊಂಡು, ಇಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು. ತಾಯಿಗೆ ಬಿ ಇದ್ದರೆ ಮಗು ಹುಟ್ಟಿದ 24 ಗಂಟೆಯೊಳಗೆ ಲಸಿಕೆಯೂ ಇಮ್ಯುನೊಗ್ಲಾಬ್ಯುಲಿನ್ ಇಂಜೆಕ್ಷನ್ನೂ ಬೀಳಬೇಕು. ಹೆರಿಗೆಗೆ ಮುಂಚೆಯೇ ಆಸ್ಪತ್ರೆಯಲ್ಲಿ ಇದನ್ನು ಹೇಳಿಟ್ಟಿರಿ.

ಸಿ ವಿಷಯದಲ್ಲಿ ಎಚ್‌ಸಿವಿ ಆಂಟಿಬಾಡಿ ಪಾಸಿಟಿವ್ ಎಂದರೆ ಎಂದೋ ತಗುಲಿತ್ತು ಎಂದಷ್ಟೆ. ಈಗಲೂ ಇದೆಯೇ ಎನ್ನಲು ಆರ್‌ಎನ್‌ಎ ಪರೀಕ್ಷೆ ಬೇಕು. ಇದ್ದರೂ ಎದೆಗುಂದಬೇಡಿ, ಸೊಫೊಸ್‌ಬುವಿರ್, ಡಕ್ಲಾಟಸ್‌ವಿರ್ ಮಾತ್ರೆ ಸಾಮಾನ್ಯವಾಗಿ 12 ವಾರ ತಿಂದರೆ ನೂರಕ್ಕೆ ತೊಂಬತ್ತೈದು ಜನ ಪೂರ್ತಿ ಗುಣ. 2018ರ ಜುಲೈ 28ರಂದು, ಬ್ಲೂಂಬರ್ಗ್ ಹುಟ್ಟಿದ ದಿನವಾದ ವಿಶ್ವ ಹೆಪಟೈಟಿಸ್ ದಿನದಂದೇ, ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಅದರಡಿ ಬಿ, ಸಿ ಎರಡಕ್ಕೂ ಪರೀಕ್ಷೆ, ಮಾತ್ರೆ ಉಚಿತ. ಗುಬ್ಬಿ, ಕುಣಿಗಲ್‌ನವರು ತಾಲ್ಲೂಕು ಆಸ್ಪತ್ರೆಯಿಂದ ಚೀಟಿ ಬರೆಸಿಕೊಂಡು ತುಮಕೂರಿನ ಜಿಲ್ಲಾಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ಹೆಸರು ಹೇಳಿಯೇ ವಿಚಾರಿಸಿ. ಹೆಸರು ಹೇಳದಿದ್ದರೆ ಹೊರಗಿನ ಲ್ಯಾಬಿಗೆ ದುಡ್ಡು ಸುರಿಯುವುದಾಗುತ್ತದೆ. ಇನ್ನೂ ಹೆಚ್ಚಿನದು ಬೇಕಾದರೆ ಬೆಂಗಳೂರಿನ ವಿಕ್ಟೋರಿಯಾ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ.

ಇನ್ನು ನಮ್ಮ 26ರ ಹುಡುಗ. ಮೂಟೆ ಹೊರದೆ, ಜಿಮ್‌ಗೆ ಹೋಗದೆ, ಕುಡಿಯದೆ, ಕಷಾಯ ಮುಟ್ಟದೆ ಕೆಲವು ವಾರ ಬಿಟ್ಟು ಅವನು ಮತ್ತೆ ರಕ್ತ ಕೊಡಲಿ. ಜೊತೆಗೆ ಎಚ್‌ಬಿಎಸ್‌ಎಜಿ, ಎಚ್‌ಸಿವಿ ಆಂಟಿಬಾಡಿ, ಸಕ್ಕರೆ, ಥೈರಾಯ್ಡ್, ಪ್ಲೇಟ್‌ಲೆಟ್, ಒಂದು ಹೊಟ್ಟೆಯ ಸ್ಕ್ಯಾನಿಂಗ್. ಆಗಲೂ ಕಾರಣ ಸಿಗದೆ ಅಂಕಿ ಇಳಿಯದಿದ್ದರೆ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ, ಆಟೊಇಮ್ಯೂನ್ ಹೆಪಟೈಟಿಸ್ ಇವನ್ನೂ ನೋಡಿ ಎಂದು ಕೇಳಬಹುದು. ಈ ವಯಸ್ಸಿನಲ್ಲಿ ಅವು ಬರುವುದುಂಟು, ತಪ್ಪಿಹೋಗುವುದೂ ಉಂಟು. ಎಚ್‌ಬಿಎಸ್‌ಎಜಿ ನೆಗೆಟಿವ್ ಬಂದರೂ ಅವನು ಹಾಳೆ ಮಡಚಿ ಎದ್ದು ಹೋಗಬಾರದು. ಹೆಪಟೈಟಿಸ್ ಬಿ ಲಸಿಕೆ ದೇಶದ ಎಲ್ಲ ಮಕ್ಕಳಿಗೂ ಉಚಿತವಾಗಿ ಸಿಗತೊಡಗಿದ್ದು 2011ರಲ್ಲಿ, ಅವನು ಅದಕ್ಕೂ ಮುಂಚೆ ಹುಟ್ಟಿದವನು. ತಾಯಿ ಕಾರ್ಡು ಸಿಕ್ಕಿದರೆ ನೋಡಲಿ, ಸಿಗದಿದ್ದರೆ ಹಾಕಿಸಿಕೊಳ್ಳಲಿ: ಇವತ್ತೊಂದು, ಒಂದು ತಿಂಗಳಿಗೆ ಇನ್ನೊಂದು, ಆರು ತಿಂಗಳಿಗೆ ಮೂರನೆಯದು. ಮೂರನೆಯದನ್ನು ಮರೆಯುವವರೇ ಜಾಸ್ತಿ. ಗೋಡೆಯ ಕ್ಯಾಲೆಂಡರಿನಲ್ಲಿ ಈಗಲೇ ಸುತ್ತು ಹಾಕಿಡಿ.